ಅತ್ತೆಯ ಎಡಗೈ

ನಮ್ಮ ಅತ್ತೆಯ ಎರಡು ತೋಳುಗಳೂ ಒಬ್ಬರವೇ ಎಂದರೆ ನಂಬುವುದು ಕಷ್ಟವಿತ್ತು. ಬಲತೋಳಿನ ಮಡಿಕೆ ಕರ್ರಗಾಗಿ, ಮುಟ್ಟಿದರೆ ಒಣಗಿದ ತೊಗಲಿನಷ್ಟು ಗಟ್ಟಿ. ವರ್ಷಗಟ್ಟಲೆ ಚುಚ್ಚಿಸಿಕೊಂಡ ಸೂಜಿಗಳ ಗುರುತು ಅದು. ಎಡತೋಳು ಮಾತ್ರ ಬಳೆಗಳ ಮೇಲೆ ನುಣ್ಣಗೆ, ಒಂದು ಕಲೆಯಿಲ್ಲದೆ ಇತ್ತು. ಬೆಳಿಗ್ಗೆ ಜಳಕ ಮುಗಿಸಿ, ವಿಭೂತಿ ಹಚ್ಚಿಕೊಂಡು, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅವರು ಇಟ್ಟುಕೊಳ್ಳುತ್ತಿದ್ದುದು ಎಡ ಅಂಗೈಯಲ್ಲಿ. ಹಾಗಾಗಿ ಡಾಕ್ಟರರ ಮುಂದೆ ಕೂತ ಕೂಡಲೇ ಅವರ ಬಾಯಿಂದ ಬರುತ್ತಿದ್ದ ಮೊದಲ ಮಾತು ಒಂದೇ: "ಎಡಗೈ ಪೂಜಿ ಕೈ ಐತ್ರಿ. ಅದಕ್ಕ ಚುಚ್ಚಬ್ಯಾಡ್ರಿ."

ಉಳಿದಂತೆ ಸೂಜಿಯೆಂದರೆ ಅವರಿಗೆ ಪ್ರಾಣ. ಬರೀ ಗುಳಿಗೆ ಬರೆದುಕೊಡುವವನನ್ನು ಅವರು ಡಾಕ್ಟರ್ ಎಂದೇ ಒಪ್ಪುತ್ತಿರಲಿಲ್ಲ. ನಾನು ಸೊಸೆಯಾಗಿ ಬಂದ ಮೂಡಲಗಿಯ ಮನೆಯಲ್ಲಿ ಯಾರಿಗೆ ನೆಗಡಿ ಬಂದರೂ "ಒಂದು ಸೂಜಿ ಮಾಡಿಸ್ಕೊಂಡು ಬಾ" ಎನ್ನುವರು. ಅವರ ತವರು ದಡ್ಡಿ ಊರಿನ ಆಚೆ, ಹೊಳೆದಂಡೆಯ ಒಂದು ಸಣ್ಣ ಊರು. ಅಲ್ಲೊಬ್ಬ ಡಾಕ್ಟರಿದ್ದ. ಅವನು ಏನು ಓದಿದ್ದನೋ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ತವರಿಗೆ ಹೋದಾಗಲೆಲ್ಲ ಅತ್ತೆ ಅವನ ಹತ್ತಿರ ಮೊಣಕಾಲ ನೋವಿಗೆ ನರದ ಸೂಜಿ ಮಾಡಿಸಿಕೊಂಡು, ಸಲಾಯಿನ್ ಹಚ್ಚಿಸಿಕೊಂಡು, ಹರೆಯದ ಹುಡುಗಿಯಂತೆ ನಡೆದು ಬರುತ್ತಿದ್ದರು.

ನನ್ನ ಕತೆ ಬೇರೆ. ಮಗಳು ಹುಟ್ಟಿದ ಮೇಲೆ ನನಗೆ ಹೆಪಟೈಟಿಸ್ ಸಿ ಇರುವುದು ಗೊತ್ತಾಯಿತು. ರಕ್ತದಿಂದ ರಕ್ತಕ್ಕೆ ಹತ್ತಿ, ಸದ್ದಿಲ್ಲದೆ ಲಿವರ್ ತಿನ್ನುವ ರೋಗ. ಬೆಳಗಾವಿಯ ದೊಡ್ಡ ಡಾಕ್ಟರು ಮೂರು ತಿಂಗಳು ಗುಳಿಗೆ ನುಂಗಿಸಿ ಅದನ್ನು ಪೂರ್ತಿ ಕಳೆದರು. ಕಳಿಸುವಾಗ ಒಂದು ಮಾತು ಹೇಳಿದ್ದರು: "ಗುಣ ಆಗೈತಿ. ಆದ್ರ ಒಮ್ಮಿ ಬಂದು ಹೋತು, ಇನ್ನ ಬರೂದಿಲ್ಲ ಅಂತ ತಿಳೀಬ್ಯಾಡ್ರಿ. ಮತ್ತೊಬ್ಬರ ಸೂಜಿ ಹತ್ತಿದ್ರ ಮತ್ತ ಬರತೈತಿ."

ಅದಾದ ಮೇಲೆ ಒಮ್ಮೆ ಅತ್ತೆಯ ತವರಿನಲ್ಲಿ ಸೀಮಂತಕ್ಕೆಂದು ಹೋದಾಗ ನನಗೆ ಮೈ ಸುಡುವ ಜ್ವರ ಬಂತು. ಎಚ್ಚರ ಅರೆಬರೆ. ಅತ್ತೆ ನನ್ನನ್ನು ತೋಳಲ್ಲಿ ಹಿಡಿದುಕೊಂಡೇ ಆ ಡಾಕ್ಟರನ ಹತ್ತಿರ ನಡೆಸಿದರು. "ಒಂದ ಸೂಜಿ. ಸಂಜಿ ಆಗೂದ್ರಾಗ ಎದ್ದು ಕುಂದರ್ತಿ ನೋಡು." ಬೆಂಚಿನ ಮೇಲೆ ಒರಗಿದ್ದ ನಾನು ನೋಡಿದೆ: ನನಗಿಂತ ಮೊದಲು ಬಂದಿದ್ದ ಮುದುಕನಿಗೆ ಚುಚ್ಚಿದ ಸೂಜಿಯನ್ನು ಅವನು ಬಿಸಿನೀರಿದ್ದ ಸ್ಟೀಲ್ ಡಬ್ಬಿಗೆ ಹಾಕಿ, ಅದೇ ಡಬ್ಬಿಯಿಂದ ತೆಗೆದು ನನಗೆ ಔಷಧ ತುಂಬಿದ. ನಾಲಿಗೆ ಹೊರಳುವಷ್ಟರಲ್ಲಿ ಚುಚ್ಚಿ ಮುಗಿದಿತ್ತು.

ಮರಳಿ ಬರುವಾಗ ಬಸ್ಸಿನಲ್ಲಿ ಹಿಡಕಲ್ ಬರುವವರೆಗೂ ನಾನು ಚುಚ್ಚಿದ ಜಾಗವನ್ನು ಒತ್ತಿ ಹಿಡಿದು ಕೂತಿದ್ದೆ. ಡ್ಯಾಮಿನ ನೀರು ಕಂಡಾಗ ಅತ್ತೆ ಕೇಳಿದರು, "ಯಾಕ ತಂಗಿ, ಜ್ವರ ಇಳದೈತಿ, ಮಾರಿ ಯಾಕ ಹಂಗ ಮಾಡ್ಕೊಂಡಿ?" ಎಲ್ಲ ಹೇಳಿದೆ. "ಆ ರೋಗ ನನಗ ಮತ್ತ ಬಂದಿರಬಹುದ್ರಿ ಅತ್ತಿ." ಅವರು ಸೂಜಿ ಬಿದ್ದ ನನ್ನ ತೋಳನ್ನು ನೋಡಿ, ಅದರ ಮೇಲೆ ತಮ್ಮ ಸೆರಗು ಎಳೆದರು. "ನಾನ ಕರಕೊಂಡು ಹೋದಾಕಿ" ಎಂದರು. ಆ ಮಾತನ್ನು ಮತ್ತೆಂದೂ ಆಡಲಿಲ್ಲ. ನನಗೆ ಅವರ ಮೇಲೆ ಸಿಟ್ಟಿತ್ತು. ಸುಳ್ಳೇಕೆ, ಅದರ ಒಂದು ಚೂರು ಈಗಲೂ ಇದೆ.

ಈಗಲೇ ಪರೀಕ್ಷೆ ಮಾಡಿದರೆ ಗೊತ್ತಾಗಲಿಕ್ಕಿಲ್ಲ, ಕೆಲವು ವಾರ ತಡೆಯಿರಿ ಎಂದರು ಗೋಕಾಕದ ಡಾಕ್ಟರು. ಆ ವಾರಗಳು ನನ್ನನ್ನು ಹಿಂಡಿ ಹಾಕಿದವು. ಎದ್ದ ಕೂಡಲೇ ಕನ್ನಡಿಯಲ್ಲಿ ಕಣ್ಣಿನ ಬಿಳಿ ನೋಡುತ್ತಿದ್ದೆ. ಮಗಳು ಮುತ್ತು ಕೊಡಲು ಬಂದರೆ ಮುಖ ತಿರುಗಿಸುತ್ತಿದ್ದೆ. ಕೂಡಿ ಉಂಡರೆ ಈ ರೋಗ ಹರಡುವುದಿಲ್ಲ ಎಂದು ಗೊತ್ತಿದ್ದೂ ನನ್ನ ತಾಟು, ಚರಿಗೆ ಬೇರೆ ಇಟ್ಟೆ. ಅತ್ತೆ ಅದನ್ನು ಕಂಡವರೇ ನನ್ನ ತಾಟು ಎಳೆದುಕೊಂಡು ಊಟಕ್ಕೆ ಕೂತರು. "ಡಾಕ್ಟರ್ ಹೇಳಿದ್ದು ಸಾಲಿ ಕಲ್ತಾಕಿಗೆ ತಿಳೀಲಿಲ್ಲ, ನನಗ ತಿಳೀತು. ಝುಣಕಾ ಹಾಕು."

ಒಂದು ಸಂಜೆ ಯೋಚನೆಯಲ್ಲಿ ಕೈ ನಿಂತು ಹೆಂಚಿನ ಮೇಲೆ ರೊಟ್ಟಿ ಕರಕಾಯಿತು. ಅತ್ತೆ ಅದನ್ನು ಎತ್ತಿ ನನ್ನ ಮುಂದೆ ಹಿಡಿದರು. "ಚಿಂತಿ ಮಾಡು, ಬ್ಯಾಡಂದವ್ರ್ಯಾರು? ಆದ್ರ ಅದಕ್ಕೊಂದು ಹೊತ್ತು ಇಟ್ಕೋ. ದೀಪಾ ಹಚ್ಚಿದ ಮ್ಯಾಲ ಕಟ್ಟಿ ಕಡೆ ಬಾ, ಇಬ್ರೂ ಕೂಡೇ ಮಾಡೂಣು." ಅಂದಿನಿಂದ ಅದೇ ಪದ್ಧತಿಯಾಯಿತು. ಬಾಗಿಲ ಬಾಜೂ ಕಟ್ಟೆಯ ಮೇಲೆ ಕೂತು "ಹೂಂ, ಇವತ್ತೇನು ಹೆದರಿಕಿ?" ಎಂದು ಕೇಳುವರು. ಸತ್ತರೆ ಮಗಳ ಗತಿಯೇನು ಎಂಬಲ್ಲಿಂದ ಹಿಡಿದು ನಾನು ಎಲ್ಲ ಹೇಳುತ್ತಿದ್ದೆ. ಅವರು ಸಮಾಧಾನ ಹೇಳುತ್ತಿರಲಿಲ್ಲ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳುತ್ತಿದ್ದರು. ಕಾಲು ಬಾತಿದ್ದವು. ಬಸ್ಸಿನ ಆ ದಿನದಿಂದ ಅವರು ಒಂದು ಸೂಜಿಯನ್ನೂ ಮಾಡಿಸಿಕೊಂಡಿರಲಿಲ್ಲ. ಆಕಳಿಗೆ ಮೇವು ಹಾಕುವ ಹೊತ್ತಾದಾಗ "ಇವತ್ತಿಂದು ಆತು, ಏಳು" ಎನ್ನುವರು. ನಾನು ಏಳುತ್ತಿದ್ದೆ. ಆ ಕಟ್ಟೆ ಇಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು.

ಪರೀಕ್ಷೆಯ ದಿನ ಗೋಕಾಕದ ಲ್ಯಾಬಿನಲ್ಲಿ ಕುರ್ಚಿಯ ಮೇಲೆ ಕೂತೆನೇ ಹೊರತು ತೋಳು ಚಾಚಲು ಆಗಲಿಲ್ಲ. ಅದನ್ನು ಎದೆಗೆ ಮಡಚಿಕೊಂಡಿದ್ದೆ. ಅತ್ತೆ ನನ್ನನ್ನು ಎಬ್ಬಿಸಿ ತಾವು ಕೂತರು. "ಮೊದಲ ನಂದು ತಗೀರಿ. ಆಕಿ ನೋಡ್ಲಿ."

"ನಿಮ್ದು ಯಾಕ್ರಿ ಅಜ್ಜಿ?" ಎಂದರು ರಕ್ತ ತೆಗೆಯುವ ಸಿಸ್ಟರ್.

"ಆಕಿಗೆ ಧೈರ್ಯ ಬರ್ಲಿ ಅಂತ. ಆಕಿಗೆ ಮಾಡೂದ ನನಗೂ ಮಾಡ್ರಿ."

ಸಿಸ್ಟರ್ ಬಲತೋಳಿನಲ್ಲಿ ನರ ಹುಡುಕಿದರು, ಕಟ್ಟಿ ತಟ್ಟಿದರು, ಎರಡು ಕಡೆ ಚುಚ್ಚಿದರು. ಒಂದು ಹನಿ ಬರಲಿಲ್ಲ. "ಆ ಕೈ ಕೊಡ್ರಿ ಅಜ್ಜಿ." ಅತ್ತೆ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಬಿಡ್ರಿ ಅತ್ತಿ, ಬ್ಯಾಡ, ನಾ ಕೊಡ್ತೀನಿ" ಎಂದೆ. ಅವರು ಎದೆಗೆ ಮಡಚಿದ್ದ ನನ್ನ ತೋಳು ನೋಡಿದರು. ಕೊರಳಿನ ಕರಡಿಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಎಡತೋಳು ಚಾಚಿದರು. "ಶಿವಗ ನಾ ಹೇಳ್ಕೋತೀನಿ, ನೀ ತಗೀ ನಮ್ಮವ್ವ."

ಆಮೇಲೆ ನಾನೂ ಕೊಟ್ಟೆ.

ಕೂಡಲೇ ಗೊತ್ತಾಗುವ ಪಟ್ಟಿಯ ಮೇಲೆ ನನ್ನದಕ್ಕೆ ಎರಡು ಗೆರೆ ಮೂಡಿದವು. ಒಮ್ಮೆ ಬಂದು ಹೋದವರಿಗೆ ಆ ಗೆರೆ ಹೋಗುವುದಿಲ್ಲ, ವೈರಸ್ ಈಗ ಇದೆಯೋ ಇಲ್ಲವೋ ಎಂಬುದಕ್ಕೆ ಇನ್ನೊಂದು ಪರೀಕ್ಷೆ ಬೇಕೆಂದು ನನಗೆ ಗೊತ್ತಿತ್ತು. ಆದರೆ ಸಿಸ್ಟರ್ ಅತ್ತೆಯ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದರು, "ಅಜ್ಜಿ, ನಿಮಗೂ ಇದು ಮೊದಲ ಆಗಿತ್ತೇನ್ರಿ?"

ಒಂದು ಸೂಜಿಗೆ ನಾನು ಅಷ್ಟು ಹೆದರಿದ್ದೆ. ಅವರ ಬಲತೋಳಿನ ತುಂಬ ಅದೇ ಡಬ್ಬಿಯ ಸೂಜಿಗಳ ಗುರುತಿತ್ತು. ಅದು ಮನೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ, ಅವರ ತಲೆಗೂ.

ಇಬ್ಬರ ರಕ್ತವೂ ದೊಡ್ಡ ಪರೀಕ್ಷೆಗೆ ಹೋಯಿತು. ರಿಪೋರ್ಟ್ ತರಲು ಮತ್ತೆ ಕೂಡಿಯೇ ಗೋಕಾಕಕ್ಕೆ ಹೋದೆವು. ಡಾಕ್ಟರು ನನಗೆ "ಏನೂ ಇಲ್ಲ, ಆರಾಮ ಇರ್ರಿ" ಎಂದರು. ಆಮೇಲೆ ಅತ್ತೆಯ ಕಾಗದ ತಿರುವಿ, ಬೆಳಗಾವಿಗೆ ಹೋಗಿ ಸ್ಕ್ಯಾನ್ ಮಾಡಿಸಲು ಹೇಳಿದರು. ಹೊರಗೆ ಬಂದು ನಾನು ಅಳುತ್ತಿದ್ದರೆ ಅತ್ತೆ ಕೇಳಿದ್ದು ಒಂದೇ: "ನಿಂದು ಇಲ್ಲಲ್ಲ? ಖರೆ?" ಹೌದೆಂದೆ. "ಹಂಗಾದ್ರ ಮಾರಿ ಒರಸ್ಕೋ. ಕೂಸಿಗೆ ಕರದಂಟು ತಗೊಂಡು ಹೋಗೂಣು ನಡಿ."

ಸ್ಕ್ಯಾನಿನಲ್ಲಿ ಲಿವರ್ ಸುಕ್ಕುಗಟ್ಟಿ, ಅದರಲ್ಲಿ ಗಡ್ಡೆಯೂ ಬೆಳೆದಿತ್ತು. ನನ್ನನ್ನು ಉಳಿಸಿದ ಗುಳಿಗೆಗಳನ್ನೇ ಅವರಿಗೂ ಕೊಟ್ಟರು, ಆದರೆ ಹೊತ್ತು ಮೀರಿತ್ತು. ಹೊಟ್ಟೆಯಲ್ಲಿ ನೀರು ತುಂಬಿತು, ಕಣ್ಣು ಹಳದಿಯಾದವು. ನಾನು ದಿನಾ ಕನ್ನಡಿಯಲ್ಲಿ ಹುಡುಕುತ್ತಿದ್ದ ಬಣ್ಣ ಅದು. ಸಂಜೆ ಹಾಸಿಗೆಯ ಬಾಜೂ ಕೂತು "ಇವತ್ತೇನು ಹೆದರಿಕಿ, ಅತ್ತಿ?" ಎಂದು ನಾನು ಕೇಳುತ್ತಿದ್ದೆ. ಮೊದಮೊದಲು "ಏನಿಲ್ಲ" ಎನ್ನುತ್ತಿದ್ದರು. ಕಡೆಗೊಂದು ದಿನ ಹೇಳಿದರು: "ಎಚ್ಚರ ತಪ್ಪಿದ ಮ್ಯಾಲ ಇವರು ಎಡಗೈಗೆ ಚುಚ್ಚತಾರ. ನೀ ಬಿಡಬ್ಯಾಡ."

ಬಿಡಲಿಲ್ಲ. ಆಸ್ಪತ್ರೆಯವರು ಬೈದರು, ನರ ಸಿಗದೆ ಕಾಲಿಗೆ ಹಾಕಿದರು. ನಾನು ಹಗಲೆಲ್ಲ ಆ ಕೈ ಹಿಡಿದುಕೊಂಡೇ ಕೂತಿರುತ್ತಿದ್ದೆ.

ಅವರು ಹೋದ ದಿನ ಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದರು. ಮಠದ ಅಯ್ಯನವರು ಹಣೆಗೆ ವಿಭೂತಿ ಹಚ್ಚಿ, ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟರು. ನಾನು ಅವರ ತೋಳಿನ ಮಡಿಕೆ ನೋಡಿದೆ. ಆ ಕೈಗೆ ಜನ್ಮದಲ್ಲಿ ಬಿದ್ದದ್ದು ಒಂದೇ ಸೂಜಿ, ನನ್ನ ಸಲುವಾಗಿ ಬಿದ್ದದ್ದು. ಎಷ್ಟು ಹುಡುಕಿದರೂ ಅದರ ಗುರುತು ಕಾಣಲಿಲ್ಲ.