ಮಗ್ಗಕ್ಕೊಂದು ಕೈ, ಒಲೆಗೊಂದು ಕೈ

ಗೆಳೆಯರೇ, ಇಂದು ಬನಹಟ್ಟಿಯಲ್ಲಿ ನನ್ನ ಸ್ಟೀರಿಯೋ ಪಾಂಡಿತ್ಯಕ್ಕೆ ಮಂಗಳಾರತಿಯಾಯಿತು. ಗೆಳೆಯ ಮಲ್ಲಪ್ಪ ಪಿಯಾನೋ ನುಡಿಸಿದ ಮೊದಲ ಭಜನೆ ಕ್ಯಾಸೆಟ್ಟು. ಅವನ ಅಪ್ಪ ಒಪ್ಪಿದರಷ್ಟೇ ಅದು ಮನೆ ದಾಟಬೇಕು. ಮಿಕ್ಸಿಂಗ್ ಮಾಡುವಾಗ ನಾನು ಅವನ ಎಡಗೈ ನುಡಿಸಿದ ದಪ್ಪ ಸ್ವರಗಳನ್ನು ಎಡ ಸ್ಪೀಕರಿಗೆ, ಬಲಗೈಯ ಸಣ್ಣ ಸ್ವರಗಳನ್ನು ಬಲಕ್ಕೆ ಹಂಚಿದ್ದೆ. ಅವರ ಮನೆಯಲ್ಲೋ, ಕೆಲಸ ಮಾಡುತ್ತಲೇ ಹಾಡು ಕೇಳಲೆಂದು ಎಡ ಸ್ಪೀಕರನ್ನು ಮಗ್ಗದ ಕೋಣೆಯಲ್ಲಿ, ಬಲದ್ದನ್ನು ಅಡುಗೆಮನೆಯಲ್ಲಿ ಇಟ್ಟಿದ್ದಾರೆ!

ಒಲೆಯ ಮುಂದಿನಿಂದ ಅವ್ವ ಕೂಗಿದರು: "ಮಲ್ಲೂ, ಎಡಗೈಗೆ ಏನಾತೋ? ಬರೇ ಕಿಣಿಕಿಣಿ ಕೇಳಾಕತ್ತೈತಿ."

ಮಗ್ಗದಿಂದ ಅಪ್ಪ: "ಲೇ, ಬಲಗೈ ಎಲ್ಲಿಟ್ಟು ಬಂದೀ? ಇದನ್ನ ಮಂದೀಗೆ ಕೇಳಸ್ತೀಯೇನು?"

ಮಲ್ಲಪ್ಪನ ಮುಖ ಇಳಿಯಿತು. "ದೋಸ್ತ, ಎರಡೂ ಕೈ ನಡುವ ಕೂಡಸೋ."

ಸಂಜೆಯೊಳಗೆ ಪಿಯಾನೋವನ್ನು ಎರಡೂ ಸ್ಪೀಕರುಗಳಿಗೆ ಸಮನಾಗಿ ಕೊಟ್ಟೆ. "ಛಲೋ ಆತು," ಎಂದರು ಮಗ್ಗದ ಕೋಣೆಯಿಂದ ಅಪ್ಪ. "ಹೌದ್ರಿ," ಎಂದರು ಅಡುಗೆಮನೆಯಿಂದ ಅವ್ವ. ಗಂಡ ಹೆಂಡತಿ ಒಂದೇ ಮಾತು ಆಡಿದ್ದನ್ನು ಈ ಮನೆಯಲ್ಲಿ ಮೊದಲ ಸಲ ಕೇಳಿದೆ, ಅದೂ ಸ್ಟೀರಿಯೋದಲ್ಲಿ.