ಲಾಟರಿ ಅಂಕಲ್

ಅಮೆರಿಕದ ರಾಚೆಸ್ಟರ್ ಹಿಲ್ಸ್‌ನ ನಮ್ಮ ಕನ್ನಡ ಸಂಘಕ್ಕೆ ಒಬ್ಬ ಖಜಾಂಚಿ ಅಂಕಲ್ ಇದ್ದರು. ಪ್ರತಿ ಯುಗಾದಿಗೂ ಮಕ್ಕಳ ಕನ್ನಡ ಶಾಲೆಗಾಗಿ ಲಾಟರಿ ನಡೆಸುವ ಪುಣ್ಯಕಾರ್ಯ ಅವರದೇ. ಬಿಸಿಬೇಳೆಬಾತಿನ ಸಾಲಿಗೆ ಅಡ್ಡ ನಿಂತು, "ಬಂದ ದುಡ್ಡಲ್ಲಿ ಅರ್ಧ ಗೆದ್ದೋರಿಗೆ, ಅರ್ಧ ಶಾಲೆಗೆ" ಎನ್ನುತ್ತಾ ಹೆಂಡತಿಯನ್ನೂ ಬಿಡದೆ ಎಲ್ಲರಿಗೂ ಟಿಕೆಟ್ ಮಾರುತ್ತಿದ್ದರು. ಕೊಳ್ಳದವರಿಗೆ ಊಟವಿಲ್ಲವೆಂದು ಎಂದೂ ಹೇಳಲಿಲ್ಲ. ದಾರಿ ಮಾತ್ರ ಬಿಡುತ್ತಿರಲಿಲ್ಲ.

ಗೆದ್ದವರು ವೇದಿಕೆ ಹತ್ತಿದೊಡನೆ ಮೈಕಿನಲ್ಲಿ, "ನಿಮ್ಮ ಅರ್ಧಾನೂ ಶಾಲೆಗೇ ಕೊಟ್ಬಿಡ್ತೀರಲ್ವಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಚಪ್ಪಾಳೆ ಶುರುಮಾಡುತ್ತಿದ್ದರು. ಅಷ್ಟು ಜನರೆದುರು ಇಲ್ಲವೆನ್ನುವ ಧೈರ್ಯ ಯಾವ ಡಾಕ್ಟರಿಗೂ ಎಂಜಿನಿಯರಿಗೂ ಇರಲಿಲ್ಲ. ಹೀಗಾಗಿ ಟಿಕೆಟ್ ಕೊಳ್ಳುವ ಉತ್ಸಾಹವೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು.

ಒಂದು ಯುಗಾದಿಗೆ ಅವರ ಹೆಂಡತಿಯೇ ಗೆದ್ದರು. ಅವರಿಗೂ ಅದೇ ಪ್ರಶ್ನೆ, ಅದೇ ಚಪ್ಪಾಳೆ.

ಆಂಟಿ ಹಣದ ಲಕೋಟೆಯನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದರು. "ಕೊಡಲ್ಲ ರೀ. ಮಾರೋವಾಗ ನೀವು ಹೇಳಿದ್ದನ್ನ ನಂಬ್ಕೊಂಡೇ ನಾನು ಟಿಕೆಟ್ ತಗೊಂಡಿದ್ದು."

ಸಭೆಯೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಬೇರೆ ದಾರಿಯಿಲ್ಲದೆ ಅಂಕಲ್ ಕೂಡ ತಟ್ಟಿದರು.

ಮರುವರ್ಷ ಊಟಕ್ಕೆ ಮೊದಲೇ ಟಿಕೆಟ್‌ಗಳು ಖಾಲಿಯಾದವು. ಶಾಲೆಗೆ ಹಿಂದೆಂದೂ ಬರದಷ್ಟು ಹಣ ಬಂತು. ಅಂಕಲ್ ನನ್ನ ಭುಜ ತಟ್ಟಿ ಹೇಳಿದರು: "ನೋಡಿದ್ರಾ? ನಮ್ಮ ಜನಕ್ಕೆ ಕೊನೆಗೂ ಧಾರಾಳತನ ಕಲಿಸ್ಬಿಟ್ಟೆ."