ಮಗ್ಗ ಏಳುವ ಮುಂಚೆ ಕಂಪ್ಯೂಟರ್ ಪಾಠ

"ಆರು ತಿಂಗಳ ಕೋರ್ಸು ಡಿಗ್ರಿಗೆ ಸಮ ಅಂತ ಬೋರ್ಡಲ್ಲಿ ಬರೆಸಿದೀರಿ. ಮಗಳ ಟಿ.ಸಿ. ತಗೊಂಡು ಬಂದ್ರೆ ಕಾಲೇಜು ಬಿಡಿಸ್ಬೇಡಿ ಅಂತೀಯ. ಏನಪ್ಪಾ ಮೇಷ್ಟ್ರೇ, ತಮಾಷೆ ಮಾಡ್ತಿದೀಯಾ?"

"ಬೋರ್ಡು ಓನರ್ ಬರೆಸಿದ್ದು, ಯೋಗಾನಂದಣ್ಣ. ನನ್ನ ಕೇಳಿದ್ರೆ ಬೇರೆ ಹೇಳ್ತಿದ್ದೆ."

"ನಿನ್ನ ಕೇಳೋಕೆ ನೀನೇನು ಓದಿದೀಯ?"

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲೊಂದು ಮಹಡಿ ಕೋಣೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜಗಳದ ನಡುವೆಯೂ ಕಂಪ್ಯೂಟರ್ ಮೇಷ್ಟ್ರು ಕೆಂಪರಾಜ್ ಗಡಿಯಾರದ ಕಡೆ ನೋಡುತ್ತಾರೆ. ಏಳು ಗಂಟೆಗೆ ಬೀದಿಯ ಪವರ್‌ಲೂಮುಗಳೆಲ್ಲ ಶುರುವಾದರೆ ವೋಲ್ಟೇಜ್ ಬಿದ್ದು ಇಲ್ಲಿನ ಮೂರೂ ಕಂಪ್ಯೂಟರ್ ಆರಿಹೋಗುತ್ತವೆ. ಅಷ್ಟರೊಳಗೆ ಪಾಠ ಮುಗಿಯಬೇಕು. ಅದಕ್ಕಾಗಿಯೇ ದೊಡ್ಡಬೆಳವಂಗಲದಿಂದ ಕತ್ತಲಲ್ಲಿ ಸೈಕಲ್ ತುಳಿದು ಬರುತ್ತಾರೆ.

ಕೆಂಪರಾಜ್ ಓದಿದ್ದು ಪಿಯುಸಿ. ಆಮೇಲೆ ಬೆಂಗಳೂರಿನಲ್ಲಿ ಒಂದು ವರ್ಷದ ಕೋರ್ಸು, ಒಂದು ಸರ್ಟಿಫಿಕೇಟು. ಈ ತೊಂಬತ್ತೆಂಟನೇ ಇಸವಿಯಲ್ಲಿ ತಾಲ್ಲೂಕಿಗೆ ನಾಲ್ಕು ಇಂಥ ಸೆಂಟರ್‌ಗಳಿವೆ. ಅವು ಕೊಡುವ ಕಾಗದಕ್ಕೆ ಯಾವ ಕಂಪನಿ ಬೆಲೆ ಕೊಡುತ್ತದೆಂದು ಕೇಳಿ, ಒಬ್ಬನೂ ನೆಟ್ಟಗೆ ಉತ್ತರ ಹೇಳುವುದಿಲ್ಲ. ಡಿಗ್ರಿಯನ್ನಾದರೂ ನಂಬೋಣವೆಂದರೆ, ಕೆಂಪರಾಜ್ ಎದುರು ಬೆಂಚಿನಲ್ಲಿ ಕೂತಿರುವವರಲ್ಲಿ ಅರ್ಧ ಜನ ಕೆಲಸ ಸಿಗದ ಪದವೀಧರರು.

ಯೋಗಾನಂದರಿಗೆ ಎರಡು ಮಗ್ಗಗಳಿವೆ. ಅವರ ಲೆಕ್ಕಾಚಾರ ಮಗ್ಗದ್ದೇ. "ಹೊಸಬ ಕೆಲ್ಸ ಕೇಳ್ಕೊಂಡು ಬಂದ್ರೆ ಯಾವ ಕಾಲೇಜು ಅಂತೀನಾ? ಕಡಿದ ಎಳೆ ಕಟ್ಟಪ್ಪಾ ಅಂತೀನಿ. ಕಟ್ಟಿದ್ರೆ ಕೆಲ್ಸ."

"ನಾನೂ ಹಂಗೇ ಅಂದ್ಕೊಂಡು ಕಂಪನಿಗೆ ಕೆಲ್ಸ ಕೇಳೋಕೆ ಹೋದೆ ಅಣ್ಣ. ಮಷೀನ್ ಮುಂದೆ ಕೂರಿಸ್ಲೇ ಇಲ್ಲ. ಡಿಗ್ರಿ ಮಾರ್ಕ್ಸ್‌ಕಾರ್ಡ್ ಎಲ್ಲಿ ಅಂತ ಬಾಗಿಲಲ್ಲೇ ನಿಲ್ಲಿಸಿದ್ರು. ಡಿಗ್ರಿ ತಂದೋರ್ನ ಕಂಪ್ಯೂಟರ್ ಸರ್ಟಿಫಿಕೇಟ್ ಎಲ್ಲಿ ಅಂತಿದ್ರು."

"ನಿಂಗೆ ಸಿಗ್ಲಿಲ್ಲ, ನನ್ನ ಮಗಳಿಗೂ ಸಿಗಬಾರ್ದು. ಅಷ್ಟೇ ತಾನೆ?"

"ಹೊಟ್ಟೆಕಿಚ್ಚು ಅಂತ್ಲೇ ಇಟ್ಕೊಳ್ಳಿ. ಬಿ.ಕಾಂ. ಕೊನೇ ವರ್ಷ ಅಣ್ಣ. ಬೆಳಗ್ಗೆ ಇಲ್ಲಿ ಕಲೀಲಿ, ಆಮೇಲೆ ಕಾಲೇಜಿಗೆ ಹೋಗ್ಲಿ."

"ಮಗ್ಗದ ಕಂಡಿಕೆಗೆ ನೂಲು ಸುತ್ತೋರು ಯಾರು, ನೀನು ಬರ್ತೀಯಾ? ಇಲ್ಲಿಗೆ ಬಂದ್ರೆ ಹಗಲೆಲ್ಲ ಮನೇಲಿ ನೂಲು ಸುತ್ತಬೇಕು. ಕಾಲೇಜಿಗೆ ಹೋದ್ರೆ ಬೆಳಗ್ಗೆನೇ ಸುತ್ತಬೇಕು. ಎರಡರಲ್ಲಿ ಒಂದು."

ಒಬ್ಬ ವಿದ್ಯಾರ್ಥಿ ಕಡಿಮೆಯಾದರೂ ಓನರ್ ಕಾರಣ ಕೇಳುತ್ತಾನೆ. ಆದರೂ ಕೆಂಪರಾಜ್ ಹೇಳಿಬಿಡುತ್ತಾರೆ.

"ಒಂದೇ ಅಂದ್ರೆ ಕಾಲೇಜು. ಇದನ್ನ ಆಮೇಲೂ ಕಲೀಬಹುದು. ಬಿಟ್ಟ ಕಾಲೇಜು ಮತ್ತೆ ಸೇರಿಸ್ಕೊಳ್ಳುತ್ತೋ ಇಲ್ವೋ."

ಅದುವರೆಗೆ ಕೀಬೋರ್ಡ್ ಮುಂದೆ ತಲೆ ತಗ್ಗಿಸಿ ಕೂತಿದ್ದ ಮೇಘನ ಎದ್ದು ಅಪ್ಪನ ಕೈಯಿಂದ ಟಿ.ಸಿ. ಎಳೆದುಕೊಳ್ಳುತ್ತಾಳೆ.

"ಎಲ್ಲಿಗೆ?"

"ಪ್ರಿನ್ಸಿಪಾಲ್ ಮನೆಗೆ. ಅವರು ಕಾಲೇಜಿಗೆ ಹೊರಡೋಕೆ ಮುಂಚೆ ಇದನ್ನ ವಾಪಸ್ ಕೊಡ್ಬೇಕು."

"ಲೇ ಮೇಘನ, ನಿಂತ್ಕೊಳ್ಳೇ."

ಅವಳು ಮೆಟ್ಟಿಲಿಳಿದು ಹೋಗುತ್ತಾಳೆ.

ಭಾನುವಾರ ಓನರ್ ಬಂದು ಕೆಂಪರಾಜ್ ಅವರಿಗೆ ಚೆನ್ನಾಗಿ ಬೈದು ಹೋದ. ಬೋರ್ಡಿನ ಸಾಲು ಇನ್ನೂ ಅಲ್ಲೇ ಇದೆ. ಅಳಿಸಿ ಎಂದರೆ ನಕ್ಕನಂತೆ. ಕೆಂಪರಾಜ್ ಈಗ ತಾವೂ ಅಂಚೆ ಶಿಕ್ಷಣದಲ್ಲಿ ಬಿ.ಎ.ಗೆ ಸೇರಿದ್ದಾರೆ. ಅದರಿಂದ ಏನಾದರೂ ಆಗುತ್ತದೆಂಬ ನಂಬಿಕೆ ಅವರಿಗೂ ಇಲ್ಲ.

ಕಾಲೇಜು ಮೇಘನಳನ್ನು ಸೇರಿಸಿಕೊಂಡಿತೇ ಎಂದು ಅವರಿಗೆ ಯಾರೂ ಹೇಳಿಲ್ಲ. ಯೋಗಾನಂದ ಬೀದಿಯಲ್ಲಿ ಸಿಕ್ಕರೂ ಮುಖ ತಿರುಗಿಸುತ್ತಾರೆ.

"ದಿನಾ ಪಾಠ ಶುರು ಮಾಡೋಕೆ ಮುಂಚೆ ಬಾಗಿಲ ಕಡೆ ನೋಡ್ತೀನಿ," ಎನ್ನುತ್ತಾರೆ ಕೆಂಪರಾಜ್. "ಅಲ್ಲಿ ಸೇರಿಸ್ಕೊಳ್ಳಲಿಲ್ಲ ಅಂದ್ರೆ ಇಲ್ಲಿಗೇ ಬರ್ಬೇಕಲ್ಲ, ಅದೇ ಭಯ."

ತಿಂಗಳಾಯಿತು. ಮೇಘನ ಬಂದಿಲ್ಲ.